ಕಾಂಚನಮಾಲಾ ಕಂಡ ಡಕೋಟಾ

ಆಫ್ರಿಕಾಕ್ಕೆ ಹೊರಡುವ ಹಿಂದಿನ ವಾರ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಕಾಂಚನಮಾಲಾ ಅವರ ಮನೆಗೆ ಹೋದರೆ ಕಾಲಿಡಲು ಜಾಗ ಇರುವುದಿಲ್ಲ. ನಡುಮನೆ ತುಂಬ ಸ್ಟೀಲ್ ಡಬ್ಬಿಗಳು. ಒಂದರಲ್ಲಿ ಚಟ್ನಿಪುಡಿ, ಒಂದರಲ್ಲಿ ಪುಳಿಯೋಗರೆ ಗೊಜ್ಜು, ಒಂದರಲ್ಲಿ ಹುರಿದ ರವೆ, ಇನ್ನೊಂದರಲ್ಲಿ ನೀರು ಸೋಸುವ ಬಿಳಿ ಬಟ್ಟೆಗಳು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಆ ಮನೆಯ ಹೊಸ್ತಿಲನ್ನೇ ದಾಟಿದ್ದಿಲ್ಲ, ಇನ್ನು ಸಮುದ್ರ ದಾಟುವ ಮಾತೆಲ್ಲಿ ಬಂತು. ಡಬ್ಬಿಗಳೆಲ್ಲ ಮುಚ್ಚಿ ಆದ ಮೇಲೆ ಕಾಂಚನಮಾಲಾ ಸೆರಗಿನಲ್ಲಿ ಒರೆಸಿ ಕೈಚೀಲಕ್ಕೆ ಹಾಕಿಕೊಳ್ಳುವುದು ನೂರು ಪುಟದ ಒಂದು ನೋಟ್‌ಬುಕ್ಕು. ಅದರಲ್ಲಿ ಅಡುಗೆಯ ವಿಚಾರ ಒಂದಕ್ಷರವೂ ಇಲ್ಲ. ಇರುವುದೆಲ್ಲ ವಿಮಾನಗಳ ನಂಬರು.

ಐವತ್ತೆಂಟು ವರ್ಷದ, ಮಂಡಿನೋವಿನ, ದಿನಾ ಬೆಳಗ್ಗೆ ಬಸದಿಗೆ ಹೋಗಿ ಬಂದೇ ಒಲೆ ಹಚ್ಚುವ ಹೆಂಗಸಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ತಿಳಿಯಬೇಕಾದರೆ ಬಾಣಾವರಕ್ಕೆ ಹೋಗಬೇಕು. ಅಲ್ಲಿ ರೈಲ್ವೆ ಸ್ಟೇಷನ್ನಿನ ಎದುರಿಗೇ ಅವರಪ್ಪನ ದಿನಸಿ ಅಂಗಡಿ ಇತ್ತು. ಆಗಿನ್ನೂ ಹೊಗೆ ಉಗುಳುವ ಎಂಜಿನ್‌ಗಳ ಕಾಲ. ಎಂಟು ವರ್ಷದ ಕಾಂಚನಾ ಪೊಟ್ಟಣ ಕಟ್ಟುವ ಕಾಗದದ ಮೇಲೆ ಬಂದ ಬಂದ ಎಂಜಿನ್ನಿನ ನಂಬರು ಬರೆದಿಡುತ್ತಿದ್ದಳು. ಯಾಕೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಆದರೆ ಸೋಮವಾರ ಬಂದ ಎಂಜಿನ್ನು ಗುರುವಾರ ಮತ್ತೆ ಬಂದಾಗ ನೆಂಟರು ಬಂದಷ್ಟು ಸಂತೋಷವಾಗುತ್ತಿತ್ತು. ಊರಿಗೆಲ್ಲ ಅವು ಬರೀ ರೈಲುಗಳು. ಅವಳಿಗೆ ಒಂದೊಂದೂ ಬೇರೆ. ಒಂದಕ್ಕೆ ಕೆಮ್ಮು, ಒಂದಕ್ಕೆ ಸಿಟ್ಟು, ಒಂದರ ಹೊಟ್ಟೆಯ ಮೇಲೆ ತೇಪೆ. ಅಪ್ಪ ಮೊದಮೊದಲು ಕಾಗದ ಹಾಳು ಮಾಡುತ್ತೀಯ ಎಂದು ಗದರಿದ. ಆಮೇಲೆ ತಾನೇ ರಾತ್ರಿ ಊಟಕ್ಕೆ ಮುಂಚೆ, ಅಂದರೆ ಜೈನರ ಮನೆಯ ಸಾಯಂಕಾಲದಲ್ಲಿ, ಇವತ್ತು ಯಾವುದು ಬಂದಿತ್ತು ಎಂದು ವಿಚಾರಿಸತೊಡಗಿದ.

ಆ ಸ್ಟೇಷನ್ನಿನಲ್ಲಿ ಅವಳು ಕಲಿತ ಇನ್ನೊಂದು ವಿದ್ಯೆ ಇತ್ತು. ರೈಲು ಯಾವಾಗ ಹೊರಡುತ್ತದೆ ಎಂಬುದನ್ನು ಸ್ಟೇಷನ್ ಮಾಸ್ಟರಿನ ಬೋರ್ಡು ನೋಡಿ ಹೇಳಲಾಗದು. ಎಂಜಿನ್ನಿನ ಕೆಲಸದವರನ್ನು ನೋಡಿ ಹೇಳಬಹುದು. ಕೈ ತೊಳೆದು ಬುತ್ತಿ ಬಿಚ್ಚಿ, ತಿಂದಾದ ಮೇಲೆ ನೆರಳಲ್ಲಿ ಟವೆಲ್ಲು ಹಾಸಿದರು ಎಂದರೆ ಆ ಗಾಡಿ ಇನ್ನು ಎರಡು ಗಂಟೆ ಅಲುಗುವುದಿಲ್ಲ. ಅವಸರದ ಪ್ರಯಾಣಿಕರು ಗಂಟೆ ಬಾರಿಸುವವನನ್ನು ಬೈಯುತ್ತ ನಿಂತಿರುತ್ತಿದ್ದರು. ಕಾಂಚನಾ ಮಾತ್ರ ನಿಶ್ಚಿಂತೆಯಾಗಿ ಅಂಗಡಿಗೆ ಹೋಗಿ ಬೆಲ್ಲ ತಿನ್ನುತ್ತಿದ್ದಳು.

ಮದುವೆಯಾಗಿ ಬಂದದ್ದು ಹಳೇಬೀಡಿಗೆ. ಹಳೇಬೀಡಿಗೆ ರೈಲಿಲ್ಲ. ಬಸ್ಸಿನ ನಂಬರು ಬರೆಯಲು ಮನಸ್ಸು ಒಪ್ಪಲಿಲ್ಲ, ಅವು ಬೇಲೂರಿಗೆ ಹೋಗಿ ಸಂಜೆಗೆ ವಾಪಸ್ಸು ಬರುವಂಥವು, ಅದರಲ್ಲಿ ಏನು ಮಜಾ. ಮಗಳು ಜಿನಶ್ರೀಯನ್ನು ಬೆಳೆಸಿ ಅರಸೀಕೆರೆಗೆ ಕೊಟ್ಟದ್ದಾಯಿತು, ಗಂಡ ತೀರಿಕೊಂಡದ್ದಾಯಿತು. ಬಸದಿಯ ಪೂಜೆ, ಮನೆಯ ಶುಭಕಾರ್ಯಗಳಿಗೆ ಅಡುಗೆ ಮಾಡುತ್ತ ಮಾಡುತ್ತ ಅವರ ಕೈರುಚಿಗೆ ಹೆಸರು ಬಂತು. ಬೇಲೂರು ರಸ್ತೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಸುಮತಿಕುಮಾರ ವರ್ಷಕ್ಕೆರಡು ಸಲ ಜೈನ ಕುಟುಂಬಗಳನ್ನು ತೀರ್ಥಯಾತ್ರೆಗೆ ಕರೆದೊಯ್ಯುತ್ತಿದ್ದ. ಅಡುಗೆಯವರು ಜೊತೆಗಿಲ್ಲದೆ ಅಂಥ ಯಾತ್ರೆ ನಡೆಯುವುದಿಲ್ಲ. ಕಾಂಚನಕ್ಕ ಅವನ ಜೊತೆ ಗಿರನಾರ್, ಶಿಖರ್ಜಿ ಎಲ್ಲ ಮುಗಿಸಿದರು. ಆರು ವರ್ಷದ ಕೆಳಗೆ ಅವನ ತಲೆಗೆ ಆಫ್ರಿಕಾ ಹೊಕ್ಕಿತು. ಅಹಿಂಸೆಯವರು ಅಷ್ಟು ದೂರ ಹೋಗಿ ಸಿಂಹ ಜಿಂಕೆ ತಿನ್ನುವುದನ್ನು ನೋಡುವುದೇನು ಎಂದು ಊರಲ್ಲಿ ನಕ್ಕರು. ನಕ್ಕವರೇ ಮೊದಲು ಹೆಸರು ಬರೆಸಿದರು. ಸಿಂಹ ಜಿಂಕೆಯ ಮೇಲೆ ಹಾರುವ ಹೊತ್ತಿಗೆ ಅರ್ಧ ಜನ ಕಣ್ಣು ಮುಚ್ಚಿಕೊಳ್ಳುತ್ತಾರೆ, ಆ ಮಾತು ಬೇರೆ.

ಕಾಂಚನಮಾಲಾ ಸಿಂಹಕ್ಕೆ ಮರುಳಾಗಲಿಲ್ಲ. ನೈರೋಬಿಯಲ್ಲಿ ವಿಮಾನ ಇಳಿದು ಮೆಲ್ಲಗೆ ಸರಿಯುತ್ತಿದ್ದಾಗ ಕಿಟಕಿಯಾಚೆ ನೋಡಿದರು, ನೋಡಿಯೇ ನೋಡಿದರು. ಬೆಂಗಳೂರಿನ ವಿಮಾನಗಳೆಲ್ಲ ಅವರಿಗೆ ಒಂದೇ ಥರ ಕಂಡಿದ್ದವು. ಇಲ್ಲಿ ಹಾಗಲ್ಲ. ಬಾಲದ ಬುಡದಲ್ಲಿ ಮೂರು ಎಂಜಿನ್ ಕಟ್ಟಿಕೊಂಡ ಒಂದು ಮುದಿ ವಿಮಾನ, ಬರಗಾಲದ ಊರುಗಳಿಗೆ ಕಾಳು ಹೊರುವ ಬಿಳಿ ದಢೂತಿ, ಸಾಲಾಗಿ ನಿಂತ ಹೆಲಿಕಾಪ್ಟರುಗಳು, ಹುಲ್ಲುಗಾವಲಿನ ನಡುವೆ ಜೀಬ್ರಾ ಓಡಿಸಿಕೊಂಡು ಇಳಿಯುವ ಮೂಗಿನಲ್ಲಿ ಒಂದೇ ಪಂಖ ತಿರುಗಿಸುವ ಪುಟಾಣಿಗಳು. ಒಂದೊಂದೂ ಬೇರೆ. ಐವತ್ತು ದಾಟಿದ ಹೆಂಗಸು ಎಂಟು ವರ್ಷದವಳಾಗಿ ಬಿಟ್ಟರು. ವಿಮಾನದಲ್ಲಿ ಕೊಟ್ಟ ಕಾಗದದ ಕರವಸ್ತ್ರದ ಮೇಲೆಯೇ ಮೊದಲ ನಂಬರು ಬರೆದರು.

ಅಲ್ಲಿಂದ ಮುಂದೆ ಪ್ರತಿ ನವೆಂಬರಿನಲ್ಲೂ ಇದೇ. ಫೋಟೊ ತೆಗೆಯುವುದಿಲ್ಲ, ಅಲ್ಲಿಯ ಪೊಲೀಸರಿಗೆ ಅದು ಸರಿಬರುವುದಿಲ್ಲವೆಂದು ಸುಮತಿಕುಮಾರ ಮೊದಲೇ ಹೆದರಿಸಿದ್ದ. ಬರೀ ಬರೆಯುವುದು. ಬಾಲದ ಪಕ್ಕದಲ್ಲಿ ಐದು, ವೈ ಎಂದಿದ್ದರೆ ಕೀನ್ಯಾದ್ದು, ಐದು, ಎಚ್ ಎಂದಿದ್ದರೆ ಟಾಂಜಾನಿಯಾದ್ದು, ಎಕ್ಸ್ ಆದರೆ ಉಗಾಂಡದ್ದು. ಊರಿಗೆ ಬಂದ ಮೇಲೆ ಮಗಳ ಮನೆಗೆ ಹೋಗಿ ಮೂಗು ಹೀಗಿತ್ತು, ರೆಕ್ಕೆ ಹಾಗಿತ್ತು ಎಂದು ವರ್ಣಿಸಿದರೆ ಜಿನಶ್ರೀ ಫೋನಿನಲ್ಲಿ ಹುಡುಕಿ ಹೆಸರು ಹೇಳುತ್ತಾಳೆ. ಹೆಸರಿನ ಕಾಲಂ ಆಗ ತುಂಬುತ್ತದೆ. ವರ್ಷವಿಡೀ ಬೇರೆಯವರ ಮನೆಯ ಒಲೆಯ ಮುಂದೆ ಬೇಯುವ ಜೀವಕ್ಕೆ ಆ ಹನ್ನೆರಡು ದಿನ ತನ್ನದೇ ಆದವು.

ಕಳೆದ ನವೆಂಬರಿನಲ್ಲಿ ಅದಕ್ಕೇ ಕುತ್ತು ಬಂತು.

ಇಪ್ಪತ್ತಾರು ಜನರ ತಂಡ. ಅದರಲ್ಲಿ ಬೇಲೂರಿನ ಯಶೋಧರಮ್ಮ ಇದ್ದರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದರೂ ವ್ರತ ಒಂದನ್ನೂ ಬಿಟ್ಟವರಲ್ಲ. ದಿನಕ್ಕೆ ಎರಡೇ ಊಟ, ಸೂರ್ಯ ಮುಳುಗಿದ ಮೇಲೆ ಹನಿ ನೀರೂ ಇಲ್ಲ. ಉಳಿದವರು ಇಷ್ಟು ಬಿಗಿಯಲ್ಲದಿದ್ದರೂ ಸೂರ್ಯಾಸ್ತದ ನಂತರ ಊಟ ಯಾರೂ ಮಾಡುತ್ತಿರಲಿಲ್ಲ. ಊಟಕ್ಕೆ ಕರೆಯುವುದು ಕಾಂಚನಮಾಲಾ ಕೆಲಸ. ಅವರು ನೀರು ಸೋಸಿ, ಬಡಿಸಲು ಅಣಿಮಾಡಿ, ಬನ್ನಿ ಎನ್ನುವ ತನಕ ಯಾರೂ ಡಬ್ಬಿಯ ಮುಚ್ಚಳ ಮುಟ್ಟುವಂತಿಲ್ಲ, ಬಾಯಿಬಿಟ್ಟು ಕೇಳುವಂತೆಯೂ ಇಲ್ಲ. ಅದು ಯಾತ್ರೆಯ ಶಿಸ್ತು.

ಉಗಾಂಡದ ಎಂಟೆಬೆಯ ವಿಮಾನ ನಿಲ್ದಾಣದಲ್ಲಿ ಸಂಜೆಯ ವಿಮಾನಕ್ಕೆ ಕಾಯುತ್ತಿದ್ದರು. ಆರು ಗಂಟೆಗೆ ಬಡಿಸಿದರೆ ಸಾಕಾಗಿತ್ತು. ಐದೂ ಮುಕ್ಕಾಲಿಗೆ ಕಾಂಚನಮಾಲಾ ನೀರಿನ ಬಟ್ಟೆ ತೆಗೆಯಲು ಎದ್ದರು, ಎದ್ದವರು ಗಾಜಿನಾಚೆ ನೋಡಿದರು. ದೂರದ ಷೆಡ್ಡಿನ ಮರೆಯಿಂದ ಒಂದು ವಿಮಾನ ಹೊರಗೆ ಬರುತ್ತಿತ್ತು. ಬಾಲ ನೆಲಕ್ಕೆ ಊರಿ, ಮೂಗು ಆಕಾಶಕ್ಕೆ ಎತ್ತಿ, ದುಂಡು ಎಂಜಿನ್ ಎರಡು ಹೊತ್ತು ಬರುತ್ತಿತ್ತು. ಜಿನಶ್ರೀ ಅದರ ಚಿತ್ರ ತೋರಿಸಿ ಹೇಳಿದ್ದಳು, ಇಂಥವು ಹಾರುವುದು ಈಗ ಲೋಕದಲ್ಲೇ ಅಪರೂಪ ಎಂದು. ಡಕೋಟಾ.

ಹಾಸನ ಜಿಲ್ಲೆಯಲ್ಲಿ ಡಕೋಟಾ ಎಂದರೆ ಯಾರಿಗೆ ಗೊತ್ತಿಲ್ಲ. ಗಡಗಡ ಎನ್ನುವ ಬಸ್ಸೆಲ್ಲ ಡಕೋಟಾ, ಹಾರ್ನ್ ಬಿಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡುವ ಲೂನಾ ಡಕೋಟಾ. ಕಾಂಚನಮಾಲಾ ಜೀವಮಾನವೆಲ್ಲ ಅಂಥ ಡಕೋಟಾಗಳಲ್ಲೇ ಓಡಾಡಿದವರು. ನಿಜವಾದ ಡಕೋಟಾ, ಅದೂ ಜೀವಂತವಾಗಿ, ಇದೇ ಮೊದಲು. ಅದು ಒಂದು ಕಡೆ ನಿಂತು ಒಂದೊಂದೇ ಎಂಜಿನ್ನು ಜೋರು ಮಾಡಿ ನೋಡಿಕೊಂಡಿತು. ನೀಲಿ ಹೊಗೆ ಬಂತು. ಮೂಗು ನೇರ ಈ ಕಡೆಗಿತ್ತು, ಬಾಲದ ಪಕ್ಕದ ನಂಬರು ಕಾಣುತ್ತಿರಲಿಲ್ಲ. ತಿರುಗುತ್ತದೆ, ಈಗ ತಿರುಗುತ್ತದೆ ಎಂದು ಕಾದರು. ಸುಮತಿಕುಮಾರ ಯಾರದೋ ಪಾಸ್‌ಪೋರ್ಟಿನ ತಾಪತ್ರಯದಲ್ಲಿ ಕೌಂಟರಿನ ಹತ್ತಿರ ಸಿಕ್ಕಿಕೊಂಡಿದ್ದ. ಮೋಡ ಕವಿದಿದ್ದರೂ ಬೆಳಕು ಇತ್ತು. ಹಳೇಬೀಡಿನಲ್ಲಿ ಹೊತ್ತು ಮುಳುಗುವ ಮುನ್ನ ಬೆಳಕು ಮೆತ್ತಗಾಗುತ್ತ ಬರುತ್ತದೆ, ಹೇಳಿ ಕೇಳಿ ಹೋಗುತ್ತದೆ. ಕಾಂಚನಮಾಲಾ ಆ ಲೆಕ್ಕದಲ್ಲೇ ಇದ್ದರು. ಎಂಟೆಬೆ ಭೂಮಿಯ ನಡುಗೆರೆಯ ಮೇಲಿದೆ, ಅಲ್ಲಿ ಸೂರ್ಯನಿಗೆ ಅಷ್ಟೆಲ್ಲ ವ್ಯವಧಾನವಿಲ್ಲ.

ಮೋಡದ ಕೆಳಗಿಂದ ಒಂದು ಕೆಂಪು ಬೆಳಕು ನಿಲ್ದಾಣದ ಪಕ್ಕದ ಸರೋವರದ ಮೇಲೆ ಬಿತ್ತು, ಆರಿತು. ಕಾಂಚನಮಾಲಾಗೆ ಆಗ ಊಟದ ನೆನಪಾಯಿತು. ತಿರುಗಿ ನೋಡಿದರೆ ಇಪ್ಪತ್ತಾರು ಜನ ಕೈ ತೊಳೆದು ಬಂದು ಸಾಲಾಗಿ ಕೂತಿದ್ದಾರೆ, ಮುಚ್ಚಳ ತೆಗೆಯದ ಡಬ್ಬಿಗಳ ಮುಂದೆ. ಗಾಜಿಗೆ ಎದುರಾಗಿ, ಆ ತುದಿಯ ಕುರ್ಚಿಯಲ್ಲಿ ಯಶೋಧರಮ್ಮ. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಯಶೋಧರಮ್ಮ ಕೈಮುಗಿದು ಣಮೋಕಾರ ಮಂತ್ರ ಹೇಳಿಕೊಂಡರು. ಕಾಂಚನಮಾಲಾ ಮತ್ತೆ ಗಾಜಿನ ಕಡೆ ನೋಡಲಿಲ್ಲ. ಬೆನ್ನ ಹಿಂದೆ ಡಕೋಟಾ ಹೊರಟ ಸದ್ದು ಕೇಳಿತು, ಅಷ್ಟೆ.

ಸಕ್ಕರೆ ಕಾಯಿಲೆಯ ಯಶೋಧರಮ್ಮನನ್ನು ಆ ರಾತ್ರಿ ಟಾಂಜಾನಿಯಾದ ಕಿಲಿಮಂಜಾರೋ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಇಳಿಸಬೇಕಾಯಿತು. ಬೆಳಗ್ಗೆ ಸೂರ್ಯ ಹುಟ್ಟಿದ ಮೇಲೆ ಗಂಜಿ ಕುಡಿದು ಅವರು ಚೇತರಿಸಿಕೊಂಡರು. ಕಾಂಚನಮಾಲಾ ಆ ದಿನ ತಾವು ಏನೂ ತಿನ್ನಲಿಲ್ಲ. ಎಲ್ಲರೂ ಕಾಡು ನೋಡಲು ಹೊರಟಾಗ ಸುಮತಿಕುಮಾರನನ್ನು ಕರೆದು ನೋಟ್‌ಬುಕ್ಕು ಅವನ ಕೈಗಿಟ್ಟರು. ಅವನು ತೆಗೆದುಕೊಂಡ. ತಲೆ ತಗ್ಗಿಸಿಕೊಂಡೇ ಹೇಳಿದ:

“ತಪ್ಪು ತಿಳ್ಕಬೇಡಿ ಅಕ್ಕಾ. ಮುಂದಿನ ವರ್ಷ ಅಡುಗೆಗೆ ಬೇರೆಯವರ್ನ ನೋಡ್ಕತೀನಿ.”

ಅವನ ಮೇಲೆ ಸಿಟ್ಟು ಬರಲಿಲ್ಲ ಕಾಂಚನಮಾಲಾಗೆ. ಅವನ ಜಾಗದಲ್ಲಿ ತಾವಿದ್ದರೂ ಅದನ್ನೇ ಹೇಳುತ್ತಿದ್ದರು. ಆದರೆ ಹಿಟ್ಟು ನಾದುವಾಗ ಕಣ್ಣೀರು ಹಿಟ್ಟಿಗೆ ಬೀಳದ ಹಾಗೆ ಭುಜಕ್ಕೆ ಒರೆಸಿಕೊಂಡರು. ಇನ್ನು ನವೆಂಬರ್ ಬಂದರೂ ಒಂದೇ, ಹೋದರೂ ಒಂದೇ.

ಮೂರು ದಿನ ಕಾಂಚನಮಾಲಾ ಒಲೆ ಬಿಟ್ಟು ಅಲುಗಲಿಲ್ಲ. ಐದು ಗಂಟೆಗೆ ಸರಿಯಾಗಿ ಊಟ. ಯಶೋಧರಮ್ಮ ತಟ್ಟೆ ಹಿಡಿದು ಬರುತ್ತಿದ್ದರು, ಬಡಿಸಿಕೊಂಡು ಹೋಗುತ್ತಿದ್ದರು, ಮಾತಿಲ್ಲ.

ನಾಲ್ಕನೆಯ ದಿನ ಕಿಲಿಮಂಜಾರೋದಿಂದ ದಾರ್ ಎಸ್ ಸಲಾಮಿಗೆ ಮಧ್ಯಾಹ್ನ ಮೂರರ ವಿಮಾನ. ಆ ಊರಿನ ಗುಜರಾತಿ ಜೈನರ ಮನೆಯೊಂದರಲ್ಲಿ ಐದೂವರೆಗೆ ಎಲ್ಲರಿಗೂ ಊಟ ಸಿದ್ಧವಾಗಿತ್ತು. ಇಳಿದ ಮೇಲೆ ಊಟ ತಡವಾದರೆ ಇರಲಿ ಎಂದು ಬೆಳಗ್ಗೆ ಮಾಡಿದ್ದ ಚಪಾತಿ ನೀಲಿ ಪಟ್ಟಿಯ ದೊಡ್ಡ ಡಬ್ಬಿಯಲ್ಲಿತ್ತು. ಡಬ್ಬಿ, ಒಲೆ, ಪಾತ್ರೆ ಎಲ್ಲ ಕೌಂಟರಿನಲ್ಲಿ ಒಪ್ಪಿಸಿ ವಿಮಾನದ ಹೊಟ್ಟೆಗೆ ಹಾಕುವುದು ಎಂದಾಗಿತ್ತು. ಬಸ್ಸಿನಿಂದ ಸಾಮಾನು ಇಳಿಸುವಾಗ ಕಾಂಚನಮಾಲಾ ನೆಲ ನೋಡಿಕೊಂಡೇ ಇದ್ದರು. ಆದರೆ ಡಬ್ಬಿ ಎತ್ತಿ ತಲೆ ಎತ್ತಿದಾಗ ತಂತಿಬೇಲಿಯಾಚೆ ನಿಂತಿದ್ದ ವಿಮಾನ ಕಣ್ಣಿಗೆ ಬಿದ್ದೇ ಬಿತ್ತು. ಗುರುತು ಹತ್ತಿತು. ಎಂಟೆಬೆಯಿಂದ ತಮ್ಮನ್ನು ಹೊತ್ತು ತಂದದ್ದೇ, ಬಾಗಿಲ ಪಕ್ಕ ತಗಡಿನ ಚೌಕ ತೇಪೆ ಇದ್ದದ್ದೇ. ಆ ಕಂಪನಿಯ ಬಣ್ಣದ ಇನ್ನೊಂದು ವಿಮಾನ ಅಲ್ಲಿರಲಿಲ್ಲ. ಹೋಗಬೇಕಾದರೆ ಇದೇ ಹೋಗಬೇಕು.

ಎಡಗಡೆಯ ಎಂಜಿನ್ನಿನ ಹೊದಿಕೆ ಬಿಚ್ಚಿ ನೆಲದ ಮೇಲೆ ಬಟ್ಟೆ ಹಾಸಿ ಜೋಡಿಸಿಟ್ಟಿದ್ದರು. ಇಬ್ಬರು ಮೆಕ್ಯಾನಿಕ್ಕುಗಳು ಬಾಟಲಿ ನೀರಿನಲ್ಲಿ ಮೊಣಕೈ ತನಕ ಕೈ ತೊಳೆದುಕೊಂಡರು. ಒಬ್ಬ ಊಟದ ಡಬ್ಬಿ ಬಿಚ್ಚಿದ. ಇನ್ನೊಬ್ಬ ರೆಕ್ಕೆಯ ನೆರಳಿನಲ್ಲಿ ಟವೆಲ್ಲು ಹಾಸಿ ಉದ್ದಕ್ಕೆ ಮಲಗಿದ.

ಕಾಂಚನಮಾಲಾ ಡಬ್ಬಿ ಹಿಡಿದು ಹಾಗೇ ನಿಂತರು. ಹೇಳಿದರೆ, ಇಷ್ಟೆಲ್ಲ ಆದ ಮೇಲೂ ಇವಳಿಗೆ ವಿಮಾನದ ಹುಚ್ಚು ಬಿಟ್ಟಿಲ್ಲ ಎನ್ನುತ್ತಾರೆ. ಹೇಳದಿದ್ದರೆ ಇಪ್ಪತ್ತಾರು ಜನ ಇನ್ನೊಂದು ರಾತ್ರಿ ಉಪವಾಸ, ಡಬ್ಬಿ ಮಾತ್ರ ವಿಮಾನದ ಹೊಟ್ಟೆಯಲ್ಲಿ. ಅಷ್ಟರಲ್ಲಿ ಸರದಿ ಬಂತು. ಸುಮತಿಕುಮಾರ ಡಬ್ಬಿಗೆ ಕೈ ಚಾಚಿದ. ಅವರು ಕೊಡಲಿಲ್ಲ.

“ಇದೊಂದನ್ನ ಹಾಕ್ಬೇಡ ಕಣಪ್ಪ ಸುಮತಿ. ಈ ವಿಮಾನ ಹೊತ್ತು ಮುಳುಗೋ ಒಳಗೆ ಹೊರಡಾಕಿಲ್ಲ.”

“ಬೋರ್ಡಲ್ಲಿ ಮೂರು ಗಂಟೆ ಅಂತ ಐತಲ್ಲ ಅಕ್ಕಾ.”

“ಬಾಣಾವರದಲ್ಲೂ ಬೋರ್ಡಿತ್ತು.”

ವಿಮಾನದ ಮಾತು ಇನ್ನು ಬೇಡ ಎಂದು ಅವನು ಮುಖ ಗಂಟಿಕ್ಕಿದ. ಕೌಂಟರಿನ ಹುಡುಗಿ ಬೇಗ, ಬೇಗ ಎಂದು ಬೆರಳಾಡಿಸಿದಳು. ಕಾಂಚನಮಾಲಾ ಕೈ ಸಡಿಲವಾಗುತ್ತಿತ್ತು. ಆಗ ಹಿಂದೆ ನಿಂತಿದ್ದ ಯಶೋಧರಮ್ಮ ನಾಲ್ಕು ದಿನದ ಮೇಲೆ ಮೊದಲ ಸಲ ಅವರೊಡನೆ ಮಾತಾಡಿದರು.

“ಏನು ನೋಡಿದೆ ಕಾಂಚನಾ? ಒಂದೊಂದಾಗಿ ಹೇಳು.”

ಕರಿಹಲಗೆಯ ಮುಂದೆ ನಿಲ್ಲಿಸಿದ ಹುಡುಗಿಯ ಹಾಗೆ ಕಾಂಚನಮಾಲಾ ಹೇಳಿದರು. ತೇಪೆ, ಬಣ್ಣ, ಬಿಚ್ಚಿಟ್ಟ ಹೊದಿಕೆ, ಕೈ ತೊಳೆದದ್ದು, ಬುತ್ತಿ, ಟವೆಲ್ಲು. ಎರಡು ಗಂಟೆ ನಿದ್ದೆ, ಎದ್ದ ಮೇಲೆ ಎಂಜಿನ್ ಕಟ್ಟುವ ಕೆಲಸ, ಅಷ್ಟರಲ್ಲಿ ಸಂಜೆ. ಬಾಣಾವರದ ಎಂಜಿನ್ನಿನ ಕಥೆಯನ್ನೂ ಹೇಳಿಬಿಟ್ಟರು, ನಕ್ಕರೆ ನಗಲಿ ಎಂದು. ಯಶೋಧರಮ್ಮ ನಗಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಸುಮತಿಕುಮಾರ, ಚಪಾತಿ ಹೊರಗೆ ತೆಗೆಸು. ಲೆಕ್ಕ ಸರಿ ಇದೆ.”

ಅಷ್ಟು ದೊಡ್ಡ ಡಬ್ಬಿಯನ್ನು ಒಳಗೆ ಒಯ್ಯಲು ಬಿಡುವಂತಿರಲಿಲ್ಲ. ಅಲ್ಲೇ ಮೂಲೆಯಲ್ಲಿ ಕೂತು ಕಾಂಚನಮಾಲಾ ಮೂರು ಮೂರು ಚಪಾತಿ, ಮೇಲೊಂದಿಷ್ಟು ಚಟ್ನಿಪುಡಿ ಇಟ್ಟು ಪೊಟ್ಟಣ ಕಟ್ಟಿದರು. ಅಪ್ಪನ ಅಂಗಡಿಯಲ್ಲಿ ಕಲಿತ ಕೈ, ತಡವಾಗಲಿಲ್ಲ. ಆಗಲೇ ಒಂದಿಬ್ಬರು ಗೊಣಗತೊಡಗಿದ್ದರು, ಗುಜರಾತಿಗಳ ಹಬ್ಬದೂಟ ಇರುವಾಗ ಈ ಒಣ ಚಪಾತಿ ಹೊತ್ತುಕೊಂಡು ತಿರುಗಬೇಕೆ ಎಂದು. ಆದರೂ ಒಬ್ಬೊಬ್ಬರೂ ಒಂದು ಪೊಟ್ಟಣ ಹಿಡಿದು ಒಳಗೆ ನಡೆದರು.

ಮೂರು ಗಂಟೆಗೆ ಬೋರ್ಡು ಬದಲಾಗಲಿಲ್ಲ. ಗೊಣಗುವವರು ಗಡಿಯಾರ ನೋಡಿ ಕಾಂಚನಮಾಲಾ ಕಡೆ ನೋಡಿದರು. ಅವರಿಗೆ ಏನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ವಿಮಾನ ಹೊರಟರೆ ತಮ್ಮ ಮಾನ ಹೋಗುತ್ತದೆ, ಹೊರಡದಿದ್ದರೆ ಇವರೆಲ್ಲರ ಹಬ್ಬದೂಟ. ಹೊರಡಲಿ, ಇವರು ಬಿಸಿಯಾಗಿ ಉಣ್ಣಲಿ ಎಂದೇ ಕೊನೆಗೆ ಬೇಡಿಕೊಂಡರು. ಮೂರೂ ಮುಕ್ಕಾಲಿಗೆ ಐದು ಗಂಟೆ ಎಂದಾಯಿತು. ಐದಕ್ಕೆ ಏಳೂವರೆ ಎಂದಾಯಿತು.

ಕಾಂಚನಮಾಲಾ ಎದ್ದು ಕೊಂಡುತಂದ ಸೀಲಿನ ನೀರನ್ನೂ ಬಿಡದೆ ಬಿಳಿ ಬಟ್ಟೆಯಲ್ಲಿ ಸೋಸಿದರು. ಸೂರ್ಯ ಇನ್ನೂ ಬೆಟ್ಟದ ಮೇಲೆ ಸಾಕಷ್ಟು ಎತ್ತರದಲ್ಲಿದ್ದ. ಬನ್ನಿ ಎಂದರು. ಇಪ್ಪತ್ತಾರು ಜನ ಗಾಜಿನ ಪಕ್ಕ ನೆಲದ ಮೇಲೆ ಪಂಕ್ತಿಯಾಗಿ ಕೂತು ಪೊಟ್ಟಣ ಬಿಚ್ಚಿದರು. ನೆಲ ಒರೆಸುವ ಹೆಂಗಸು ಒರೆಸುವ ಕೋಲು ಊರಿ ನಿಂತು ನೋಡಿದಳು, ಅವಳಿಗೂ ಒಂದು ಚಪಾತಿ ಹೋಯಿತು. ಚಟ್ನಿಪುಡಿಗೆ ಎಣ್ಣೆಯಿರಲಿಲ್ಲ, ಚಪಾತಿ ಬಿರುಸಾಗಿತ್ತು, ಆದರೂ ಒಂದು ಚೂರೂ ಉಳಿಯಲಿಲ್ಲ. ಆರು ಗಂಟೆಗೆಲ್ಲ ಬಾಯಿ ಮುಕ್ಕಳಿಸಿ ಆಗಿತ್ತು. ಅರ್ಧ ಗಂಟೆಯ ಮೇಲೆ ಸೂರ್ಯ ದಬಕ್ಕನೆ ಇಳಿದ. ಗೊಣಗಿದವರಲ್ಲೊಬ್ಬರು ಬಂದು ನಾಳೆಯ ಉಪ್ಪಿಟ್ಟಿಗೆ ತೆಂಗಿನಕಾಯಿ ತುರಿದುಕೊಡುತ್ತೇನೆ ಎಂದರು. ನಮ್ಮ ಜನ ಕ್ಷಮೆ ಕೇಳುವುದು ಹೀಗೆಯೇ.

ಹಿಂದಿರುಗುವಾಗ ಬೆಂಗಳೂರಿನಿಂದ ಅರಸೀಕೆರೆಗೆ ರೈಲು. ಪ್ಲಾಟ್‌ಫಾರಂ ಮೇಲೆ ಜಿನಶ್ರೀ ಅಮ್ಮನಿಗಾಗಿ ಕಾದಿದ್ದಳು. ಡಬ್ಬಿಗಳನ್ನು ಇಳಿಸಿ ಮುಗಿದ ಮೇಲೆ ಸುಮತಿಕುಮಾರ ತನ್ನ ಚೀಲದಿಂದ ನೋಟ್‌ಬುಕ್ಕು ತೆಗೆದು ಕಾಂಚನಮಾಲಾ ಕೈಗೆ ಕೊಟ್ಟ. ಯಶೋಧರಮ್ಮನ ಕಡೆ ಕೈ ತೋರಿಸಿ, ಅವರು ಎರಡು ದಿನ ಇಟ್ಟುಕೊಂಡಿದ್ದರು ಎಂದಷ್ಟೇ ಹೇಳಿದ.

ಕಾಂಚನಮಾಲಾ ಕೊನೆಯ ಪುಟ ತೆಗೆದರು. ತಮ್ಮ ಸಾಲುಗಳ ಕೆಳಗೆ ಇನ್ನೊಬ್ಬರ ಅಕ್ಷರ, ಕರಿಹಲಗೆಯ ಮೇಲೆ ಬರೆದು ಬರೆದು ದುಂಡಗಾದದ್ದು. ಎಂಟೆಬೆ, ಸಂಜೆ ಆರು ನಲವತ್ತು. ಅದರ ಮುಂದೆ ಐದು, ವೈ, ಆಮೇಲೆ ಮೂರು ಅಕ್ಷರ. ಹೆಸರಿನ ಕಾಲಂ ಮಾತ್ರ ಖಾಲಿ. ತಾವು ಬೆನ್ನು ತಿರುಗಿಸಿದ ಮೇಲೆ ಡಕೋಟಾ ತಿರುಗಿತ್ತು, ದೀಪದ ಕೆಳಗೆ ಹಾದುಹೋಗಿತ್ತು. ಹಸಿದು ಕೂತಿದ್ದ ಮೇಷ್ಟರಮ್ಮ ಆ ತುದಿಯ ಕುರ್ಚಿಯಿಂದ ಅದನ್ನು ಓದಿ ನೆನಪಿಟ್ಟುಕೊಂಡಿದ್ದರು.

“ಅವತ್ತು ನನ್ನಿಂದ ನಿಮ್ಗೆ ಹನಿ ನೀರೂ ಇರ್ಲಿಲ್ಲವಲ್ಲಮ್ಮ,” ಎಂದರು ಕಾಂಚನಮಾಲಾ. ಕಣ್ಣು ತುಂಬಿ ಬಂದು ಅಕ್ಷರ ಕಾಣಲಿಲ್ಲ.

“ಸಿಟ್ಟಿದ್ದದ್ದು ನಿನ್ನ ಮೇಲೆ ಕಣೇ. ಆ ವಿಮಾನ ನನಗೇನು ಮಾಡಿತ್ತು?”

ಯಶೋಧರಮ್ಮ ತಮ್ಮ ಚೀಲ ಹೆಗಲಿಗೇರಿಸಿ ಬೇಲೂರಿನ ಬಸ್ಸಿಗೆ ಹೊರಟರು. ನಾಲ್ಕು ಹೆಜ್ಜೆ ಹೋದವರು ನಿಂತು, ಸುಮತಿಕುಮಾರನಿಗೂ ಕೇಳುವ ಹಾಗೆ ಹೇಳಿದರು.

“ಮುಂದಿನ ವರ್ಷ ಸೂರ್ಯನ್ನ ನಾನು ನೋಡ್ಕೋತೀನಿ. ನೀನು ವಿಮಾನ ನೋಡು.”